ಮೂಲಕ್ಕೆ ಮರಳಿಸುವುದೆಂದರೆ ಯಾವ ಮೂಲಕ್ಕೆ?

ಕಳೆದ ತಿಂಗಳು ಗೆಳೆಯನೊಬ್ಬ ತನ್ನ ಹಳೆಯ ರೋಡ್ಸ್ ಎಲೆಕ್ಟ್ರಿಕ್ ಪಿಯಾನೋವನ್ನು ಬಿಚ್ಚಿಕೊಂಡು ಕುಳಿತಿದ್ದ. ಟಾರ್ಚ್ ಹಿಡಿಯುವುದು ನನ್ನ ಕೆಲಸ. ಅಮೆರಿಕದಲ್ಲಿ ತಯಾರಾದ, 73 ಕೀಲಿಗಳ ಸ್ಟೇಜ್ ಮಾದರಿ ಅದು. ಹಿಂದೆ ಅದನ್ನು ನುಡಿಸಿದವರಾರೋ ಒಳಗೊಂದು ಪ್ರೀಆಂಪ್ ಸೇರಿಸಿ, ಮುಂದಿನ ಅಲ್ಯುಮಿನಿಯಂ ಪಟ್ಟಿಯಲ್ಲಿ ಎರಡು ತೂತು ಕೊರೆದು, ವೈರುಗಳನ್ನು ಬೇರೆ ದಾರಿಗೆ ತಿರುಗಿಸಿದ್ದರು. ಅದನ್ನೆಲ್ಲ ಕಿತ್ತು 'ಒರಿಜಿನಲ್' ಮಾಡಬೇಕೆಂಬುದು ಗೆಳೆಯನ ಹಟ. ಗ್ರಂಥಸಂಪಾದನೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಪದ ಕೇಳಿದರೆ ಸುಮ್ಮನಿರಲಾಗುವುದಿಲ್ಲ.

ರೋಡ್ಸ್‌ನಲ್ಲಿ ಸುತ್ತಿಗೆಯು ಟೈನ್ ಎಂಬ ಉಕ್ಕಿನ ಕಡ್ಡಿಗೆ ಹೊಡೆಯುತ್ತದೆ. ಕಡ್ಡಿ ನಡುಗಿದಂತೆ ಅದರ ತುದಿಯೆದುರಿನ ಪಿಕಪ್ಪಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಸ್ಟೇಜ್ ಮಾದರಿಯೊಳಗೆ ಆಂಪ್ಲಿಫೈಯರ್ ಇಲ್ಲ; ಇರುವುದು ವಾಲ್ಯೂಮ್ ಮತ್ತು 'ಬಾಸ್ ಬೂಸ್ಟ್' ಎಂಬ ಎರಡೇ ತಿರುಗಣೆ. ಈ ಎರಡನೆಯ ಹೆಸರೇ ಸುಳ್ಳು. ಅಲ್ಲಿರುವ ಕೆಪಾಸಿಟರ್ ಮಂದ್ರವನ್ನು ತಡೆಯುತ್ತದೆ. ತಿರುಗಣೆ ಆ ತಡೆಯನ್ನು ಸಡಿಲಿಸುತ್ತದೆ, ಅಷ್ಟೆ. ಮೊದಲೇ ಇದ್ದದ್ದನ್ನು ಕಸಿದು, ಮರಳಿ ಕೊಡುವಾಗ 'ಹೆಚ್ಚಿಸಿದೆ' ಎನ್ನುವ ಜಾಣತನ. (ನಮ್ಮ ಕೆಲವು ಪರಿಷ್ಕೃತ ಆವೃತ್ತಿಗಳ ಮುನ್ನುಡಿಗಳು ನೆನಪಾದವು.)

ತಿದ್ದಿದವರನ್ನು ಕೆಡಿಸಿದವರು ಎಂದುಬಿಡುವುದು ಸುಲಭ. ಆದರೆ 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಚಕ್ ಮಾಂಟಿ 'ಡೈನೋ ಮೈ ಪಿಯಾನೋ' ಎಂಬ ಹೆಸರಿನಲ್ಲಿ ಮಾಡಿಕೊಡುತ್ತಿದ್ದ ಮಾರ್ಪಾಡುಗಳಿಂದಲೇ ಈ ವಾದ್ಯಕ್ಕೆ ಗಂಟೆಯಂತಹ ಹೊಳಪು ಬಂದದ್ದು. ಎಂಬತ್ತರ ದಶಕದ ಪಾಪ್ ಹಾಡುಗಳನ್ನು ಕೇಳಿದವರ ಕಿವಿಯಲ್ಲಿ ಉಳಿದಿರುವುದು ಬಹುಪಾಲು ಆ ಹೊಳಪೇ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7ರ ಎಲೆಕ್ಟ್ರಿಕ್ ಪಿಯಾನೋ ಸ್ವರವೂ ಅದಕ್ಕೇ ಹತ್ತಿರ. ಪ್ರಕ್ಷೇಪವೇ ಪ್ರಚಲಿತ ಪಾಠವಾದರೆ ಸಂಪಾದಕ ಏನು ಮಾಡಬೇಕು?

“ಇದೇನು ನಿನ್ನ ತಾಳೆಗರಿಯಲ್ಲ ಮಾರಾಯ, ಟಾರ್ಚ್ ನೆಟ್ಟಗೆ ಹಿಡಿ” ಎಂದ ಗೆಳೆಯ. ಆದರೆ ಅವನು ಮಾಡುತ್ತಿದ್ದದ್ದು ಅದನ್ನೇ. ಯಾವ ಬೆಸುಗೆ ಹಳೆಯದು, ಯಾವ ವೈರಿನ ಹೊದಿಕೆ ಆಮೇಲಿನದು ಎಂದು ನೋಡುತ್ತಿದ್ದ. ಹಳೆಯ ಪೊಟೆನ್ಷಿಯೋಮೀಟರಿನ ಬೆನ್ನ ಮೇಲೆ 1377612 ಎಂದಿತ್ತು: 137 ತಯಾರಕರ ಸಂಕೇತ, 76 ವರ್ಷ, 12 ವಾರ. ಲಿಪಿಕಾರ ಕೊನೆಯಲ್ಲಿ ಬರೆದಿಡುವ ಕಾಲನಿರ್ದೇಶದ ಹಾಗೆ. ಅದು ಬಿಡಿಭಾಗ ತಯಾರಾದ ವಾರವೇ ಹೊರತು ಪಿಯಾನೋ ಜೋಡಿಸಿದ ವಾರವಲ್ಲ ಎಂಬ ಎಚ್ಚರವೂ ಬೇಕು.

ವೈರುಗಳನ್ನು ಸರ್ಕ್ಯೂಟ್ ನಕ್ಷೆ ನೋಡಿ ಹಿಂದಿನಂತೆ ಬೆಸೆಯಬಹುದು. ತೊಡಕು ಇರುವುದು ಟೈನ್‌ಗಳಲ್ಲಿ. ಕಡ್ಡಿಯ ತುದಿ ಪಿಕಪ್ಪಿನ ನಟ್ಟನಡುವೆ ಇದ್ದರೆ ಮೇಲಿನ ಸಪ್ತಕ ಮೊಳಗುತ್ತದೆ. ಕೊಂಚ ಸರಿಸಿದರೆ ಮೂಲಸ್ವರ ದುಂಡಗಾಗುತ್ತದೆ. ಹಿಂದಿನವರು ಇದನ್ನೂ ಬದಲಿಸಿದ್ದರು. ಈ ಪಿಯಾನೋದ ಒಂದೊಂದು ಕಡ್ಡಿಯೂ ಕಾರ್ಖಾನೆಯಿಂದ ಹೊರಟಾಗ ಎಷ್ಟು ಸರಿದಿತ್ತು ಎಂದು ಯಾರೂ ಬರೆದಿಟ್ಟಿಲ್ಲ. ಇಲ್ಲಿ ಗೆಳೆಯ 73 ಬಾರಿ ಊಹಿಸಬೇಕಾಯಿತು. ಊಹಾಪಾಠವನ್ನು ಊಹೆಯೆಂದು ಒಪ್ಪಿಕೊಳ್ಳದೆ 'ಒರಿಜಿನಲ್' ಎನ್ನುವುದಕ್ಕೆ ನನ್ನ ತಕರಾರಿದೆ.

ಮರಳಿಸುವುದೇ ಬೇಡ ಎನ್ನುವವನೂ ನಾನಲ್ಲ. ಆ ಪ್ರೀಆಂಪ್ ಗುಂಯ್‌ಗುಡುತ್ತಿತ್ತು, ಬೆಸುಗೆ ಒರಟಾಗಿತ್ತು. ಕಿತ್ತದ್ದು ಸರಿಯೇ. ಈಗ ಮಂದ್ರಸ್ಥಾಯಿ ಕೇಳಿದರೆ ಎದೆ ತುಂಬುತ್ತದೆ. ಕಿತ್ತ ಬೋರ್ಡನ್ನು ಎಸೆಯಬೇಡ, ಅದರ ನಕ್ಷೆ ಬರೆದು ಪೆಟ್ಟಿಗೆಯೊಳಗೇ ಇಡು, ಅಡಿಟಿಪ್ಪಣಿಯ ಹಾಗೆ, ಎಂದೆ. ಒಪ್ಪಿದ. ಮುಂಪಟ್ಟಿಯ ತೂತುಗಳನ್ನು ಹಾಗೇ ಬಿಡು ಎಂದದ್ದಕ್ಕೆ ಮಾತ್ರ ಒಪ್ಪಿಲ್ಲ. ಹೊಸ ಪಟ್ಟಿ ಎಲ್ಲಿ ಸಿಗುತ್ತದೆಂದು ಇನ್ನೂ ಹುಡುಕುತ್ತಿದ್ದಾನೆ.