ಹಾಡಿಯ ಮಾತಿಗೊಂದು ಕಪಾಟು

ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮ ಪಂಚಾಯಿತಿಗಳ ಕೈಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಸಿಕ್ಕಿತು. ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂದದ್ದು ಆಮೇಲೆ. ಕರ್ನಾಟಕ ತನ್ನ ಹಳ್ಳಿಮಕ್ಕಳಿಗಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ಮನಸಾರೆ ಒಪ್ಪುತ್ತೇನೆ.

ಆದರೆ ಯಾವ ಮಕ್ಕಳಿಗೆ? ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಂಥ ಹೊಲಗದ್ದೆಯ ಊರುಗಳನ್ನು ದಾಟಿ ನಾಗರಹೊಳೆಯ ಅಂಚಿನ ಹಾಡಿಗಳಿಗೆ, ಎಂದರೆ ಬುಡಕಟ್ಟು ಜನರ ಊರುಗಳಿಗೆ, ಹೋದರೆ ಮನೆಮಾತೇ ಬೇರೆ. ಜೇನುಕುರುಬರದು ಜೇನುನುಡಿ, ಯರವರಿಗೆ, ಎಚ್.ಡಿ. ಕೋಟೆಯ ಬೆಟ್ಟಕುರುಬರಿಗೆ ಅವರವರದೇ ಮಾತು. ಪಿರಿಯಾಪಟ್ಟಣದ ಕಡೆ, ಬೈಲಕುಪ್ಪೆಯಲ್ಲಿ, 1960ರ ದಶಕದಿಂದ ಟಿಬೆಟನ್ನರಿದ್ದಾರೆ. ಅವರು ನಾಡು ಬಿಟ್ಟು ಬರುವಾಗಲೂ ಲಿಪಿ, ಗ್ರಂಥ, ಗುರುಪರಂಪರೆಗಳನ್ನು ಹೊತ್ತು ತಂದರು; ಸೆರಾ, ನಮ್ಡ್ರೋಲಿಂಗ್ ಮಠಗಳಲ್ಲಿ ಅವರ ಓದು ಬೆಳೆಯಿತು. ಇಲ್ಲಿಯೇ ಹುಟ್ಟಿ ಬೆಳೆದ ಜೇನುಕುರುಬರ ನುಡಿಗೆ ಸ್ವಂತ ಲಿಪಿಯಿಲ್ಲ. ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಹಲವರಿಗೆ ಹಳೆಯ ಹಾಡಿಯೂ ಉಳಿಯಲಿಲ್ಲ. ಹಾಡಿಯ ಮಗು ಅರಿವು ಕೇಂದ್ರಕ್ಕೆ ಬಂದರೂ ಅಲ್ಲಿ ಅಜ್ಜಿಯ ಮಾತಿನ ಒಂದು ಹಾಳೆಯೂ ಸಿಗದಿದ್ದರೆ, ಆ ಕೋಣೆ ತನ್ನದೆಂದು ಅದಕ್ಕೆ ಹೇಗೆ ಅನ್ನಿಸೀತು?

ಈ ಕೊರತೆಗೆ ಹಳೆಯ ಬೇರಿದೆ: ಜನರ ಬದುಕನ್ನು ಕೂಡಿಡುವ ಕೆಲಸ ಜನರ ಕೈಯಲ್ಲಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯ 1968ರಲ್ಲಿ ಹುಟ್ಟಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮತ್ತು ಸಂಗಡಿಗರು ಊರೂರು ಅಲೆದು ಸಾವಿರಾರು ವಸ್ತುಗಳನ್ನು ಕೂಡಿಸಿದರು. ಅವರು ತರದಿದ್ದರೆ ಎಷ್ಟೋ ಮುಖವಾಡ, ಗೊಂಬೆ, ಒಕ್ಕಲುತನದ ಸಾಮಾನು ಗೆದ್ದಲಿನ ಪಾಲಾಗುತ್ತಿದ್ದವು. ಆ ಋಣ ದೊಡ್ಡದು. ಆದರೂ ಸಂಗ್ರಹಾಲಯದ ನೆಲೆಯಾದ ಜಯಲಕ್ಷ್ಮಿ ವಿಲಾಸ ಅರಮನೆಗೆ ವಸ್ತು ಸೇರಿದ ಮೇಲೆ ಅದನ್ನು ಬಳಸಿ ಬಾಳಿದವರು ಅದಕ್ಕೆ ಬರೀ ನೋಡುಗರಾದರು. ಏನನ್ನು ಇಡಬೇಕು, ಅದರ ಬಗ್ಗೆ ಏನು ಹೇಳಬೇಕು ಎಂಬುದು ವಿದ್ವಾಂಸರ ತೀರ್ಮಾನ.

ಅರಿವು ಕೇಂದ್ರ ಆ ದಾರಿ ಬಿಡಬಲ್ಲದು, ಏಕೆಂದರೆ ಅದು ಊರೊಳಗೇ ಇದೆ. ಹಾಡಿಯ ಹಿರಿಯರ ಕತೆ, ಹಾಡು, ಜೇನು ಕೀಳುವ ಬಗೆಯನ್ನು ಅಲ್ಲಿನ ಹುಡುಗ ಹುಡುಗಿಯರೇ ಫೋನಿನಲ್ಲಿ ಹಿಡಿದು, ಕನ್ನಡ ಲಿಪಿಯಲ್ಲಿ ಬರೆದು ಕಪಾಟಿಗೆ ಸೇರಿಸಲಿ. ದೇವರ ಸಂಗತಿ, ಮದ್ದಿನ ಬೇರಿನ ಗುಟ್ಟು ಹೊರಗೆ ಹೇಳಬಾರದ್ದಾದರೆ ಅದನ್ನು ಬಿಡುವ ಹಕ್ಕೂ ಹಾಡಿಯದೇ. ಕೊಡಗಿನ ಕಾಫಿತೋಟದ ಕೂಲಿ ಬಿಟ್ಟು ಬಂದು ಕೂರುವವರಿಗೆ ಆ ದಿನದ ಕೂಲಿ ಸಿಗಬೇಕು. ಕಂದಾಯದ ಜೊತೆ ವಸೂಲಾಗುವ ಗ್ರಂಥಾಲಯ ಕರದಲ್ಲಿ ಒಂದು ಪಾಲನ್ನು ಪಂಚಾಯಿತಿಗಳು ಇದಕ್ಕೆ ತೆಗೆದಿಡಲಿ.