ಮೋಡ ಬಂದಾಗ ಎಡವುವ ಗಣಿತ

ಸ್ಥಿತಿ ಅಂದಾಜು ಎಂಬ ವಿಧಾನ 1970ರಲ್ಲಿ ಎಂಐಟಿಯ ಫ್ರೆಡ್ ಶ್ವೆಪ್ಪಿ ಪ್ರಕಟಿಸಿದ ಲೇಖನಗಳಿಂದ ವಿದ್ಯುತ್ ಕ್ಷೇತ್ರಕ್ಕೆ ಬಂತು. ಕೆಲವೆಡೆಯ ಅಳತೆಗಳಿಂದ ಇಡೀ ಜಾಲದ ವೋಲ್ಟೇಜು, ಹರಿವುಗಳನ್ನು ಲೆಕ್ಕಹಾಕುವುದು ಇದರ ಕೆಲಸ. ಪ್ರಸರಣ ಜಾಲದಲ್ಲಿ ಇದು ಗೆದ್ದಿದೆ. ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಅಳತೆಗಳಿರುವುದರಿಂದ ಒಂದು ಮೀಟರ್ ಕೆಟ್ಟರೂ ಉಳಿದವು ಅದನ್ನು ಹಿಡಿದುಕೊಡುತ್ತವೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸೇರಿರುವುದೂ ಇಂಥ ಜಾಲಕ್ಕೇ.

ಬೀದಿಯ ಟ್ರಾನ್ಸ್‌ಫಾರ್ಮರ್ ದಾಟಿದರೆ ಕಥೆ ಬೇರೆ. ಅಲ್ಲಿ ಅಳತೆಗಳು ವಿರಳ. ಖಾಲಿ ಜಾಗಕ್ಕೆ ಹಳೆಯ ಬಳಕೆಯ ಸರಾಸರಿಯನ್ನು ತುಂಬುತ್ತಾರೆ. ಒಂದು ಮನೆಯ ಹೆಚ್ಚು ಇನ್ನೊಂದರ ಕಡಿಮೆಗೆ ವಜಾ ಆಗುತ್ತಿದ್ದಷ್ಟು ಕಾಲ ಇದು ಹೇಗೋ ನಡೆಯಿತು. ಚಾವಣಿ ಸೌರಫಲಕಗಳ ವಿಷಯದಲ್ಲಿ ಹಾಗಾಗದು. ಒಂದು ಮೋಡ ಹಾದರೆ ಇಡೀ ಬಡಾವಣೆಯ ಉತ್ಪಾದನೆ ಒಟ್ಟಿಗೇ ಕುಸಿಯುತ್ತದೆ, ತಪ್ಪುಗಳೆಲ್ಲ ಒಂದೇ ಕಡೆ ವಾಲುತ್ತವೆ. ತಪ್ಪುಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದುಕೊಂಡೇ ಹೊರಡುವ ರೂಢಿಯ ಗಣಿತ ಇಲ್ಲಿ ಎಡವುತ್ತದೆ. ಎಡವಿದ ಉತ್ತರವನ್ನೂ ಅದು ಖಚಿತವೆಂಬಂತೆ ಮುಂದಿಡುತ್ತದೆ.

ಬಳಕೆ ಮತ್ತು ಉತ್ಪಾದನೆಯ ವ್ಯತ್ಯಾಸವನ್ನಷ್ಟೇ ಕಾಣುವ ನೆಟ್ ಮೀಟರ್ ಈ ತೊಡಕನ್ನು ಹೆಚ್ಚಿಸುತ್ತದೆ. 3 ಕಿಲೋವಾಟ್ ಉತ್ಪಾದಿಸಿ ಅಷ್ಟನ್ನೂ ತಾನೇ ಬಳಸುತ್ತಿರುವ ಮನೆ ಅದರ ಕಣ್ಣಿಗೆ ಬೀಗ ಹಾಕಿದ ಮನೆಯಂತೆ. ಬಿಸಿಲು ಹೋದ ಕ್ಷಣ ಆ 3 ಕಿಲೋವಾಟ್ ಜಾಲದ ಮೇಲೆ ಬೀಳುತ್ತದೆ. ನಡುಮಧ್ಯಾಹ್ನ ಬಳಕೆ ಕಡಿಮೆಯಿದ್ದರೆ ವಿದ್ಯುತ್ ಹಿಮ್ಮುಖವಾಗಿ ಹರಿದು ಲೈನಿನ ಕೊನೆಯಲ್ಲಿ ವೋಲ್ಟೇಜ್ ಏರುತ್ತದೆ. ಮಿತಿ ಮೀರಿದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಫಲಕ ಹಾಕಿಸಿದವರಿಗೆ ಒಳ್ಳೆಯ ಬಿಸಿಲಿನಲ್ಲೇ ನಷ್ಟ.

ಇದಕ್ಕೆ ಯಂತ್ರಕಲಿಕೆಯೇ ಮದ್ದು ಎನ್ನುವ ಸಂಶೋಧನೆಗಳು ಬೇಕಾದಷ್ಟಿವೆ. ಆದರೆ ಹಲವು ಲೇಖನಗಳ ಪರೀಕ್ಷಾಕಣ 1989ರ ಹಳೆಯ 33 ಬಸ್‌ಗಳ (ಜಾಲದ ಸಂಧಿಗಳ) ಮಾದರಿ. ಅದರಲ್ಲಿ ಮೂರೂ ಫೇಸ್‌ಗಳು ಸಮತೋಲದಲ್ಲಿರುತ್ತವೆ. ನಿಜವಾದ ಬೀದಿಯಲ್ಲಿ ಯಾವ ಮನೆ ಯಾವ ಫೇಸ್‌ನಲ್ಲಿದೆ ಎಂಬ ದಾಖಲೆಯೇ ಎಷ್ಟೋ ಸಲ ತಪ್ಪಿರುತ್ತದೆ. ಸ್ಮಾರ್ಟ್ ಮೀಟರ್ ಬಂದರೂ ಅದರ ಮಾಹಿತಿ ಗಂಟೆಗಟ್ಟಲೆ ತಡವಾಗಿ ತಲುಪಿದರೆ ಯೋಜನೆಗೆ ಆದೀತು, ಆ ಗಳಿಗೆಯ ನಿಯಂತ್ರಣಕ್ಕೆ ಆಗದು.

ಒಂದು ಕೋಟಿ ಮನೆಗಳ ಚಾವಣಿಗೆ ಸೌರಫಲಕ ಹಾಕಿಸುವ ಗುರಿಯೊಂದಿಗೆ 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾಗಿದೆ. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಅಂದಾಜಿನ ಸಾಫ್ಟ್‌ವೇರ್ ಕೊಳ್ಳುವ ಮೊದಲು ಪ್ರತಿ ಟ್ರಾನ್ಸ್‌ಫಾರ್ಮರ್‌ಗೆ ಮೀಟರ್ ಹಾಕಿಸಲಿ, ಲೈನಿನ ಕೊನೆಯ ಕಂಬದ ವೋಲ್ಟೇಜ್ ಅಳೆಯಲಿ, ಫೇಸ್ ದಾಖಲೆ ತಿದ್ದಲಿ. ಬಳಿಕ ಕೊಳ್ಳುವ ಅಂದಾಜು ಸಾಧನ ತನ್ನ ಉತ್ತರದಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದೆಂದು ತಾನೇ ಹೇಳಬೇಕು. ಹೇಳದಿದ್ದರೆ ಅದು ಕೊಳ್ಳಲು ಯೋಗ್ಯವಲ್ಲ.