ಓಟ ನೋಡುವ ಕಣ್ಣು

ಮೊದಲ ಸಲ ಬಯಲಾಟಕ್ಕೆ ಹೋದವರಿಗೆ ಕಾಣುವುದು ಬಣ್ಣ, ಕೇಳುವುದು ಚಂಡೆ. ಪಕ್ಕದಲ್ಲಿ ಕೂತ ಹಿರಿಯರು ಯಾರಾದರೂ "ಮುಖ ಆಮೇಲೆ ನೋಡು ಮಾರಾಯ, ಈಗ ಅವನ ಕಾಲು ನೋಡು" ಅಂದ ಮೇಲೆಯೇ ಆಟ ತೆರೆದುಕೊಳ್ಳುವುದು. ಮ್ಯಾರಥಾನ್ ಕೂಡ ಹಾಗೆಯೇ. ಎರಡು ಗಂಟೆಗೂ ಹೆಚ್ಚು ಹೊತ್ತು ಒಂದಷ್ಟು ತೆಳ್ಳನೆಯ ಜನ ಒಂದೇ ಸಮ ಓಡುತ್ತಿರುತ್ತಾರೆ. ಎಲ್ಲಿ ನೋಡಬೇಕು ಎಂದು ಗೊತ್ತಿಲ್ಲದವರು ಹತ್ತು ನಿಮಿಷಕ್ಕೆ ಚಾನೆಲ್ ಬದಲಿಸುತ್ತಾರೆ. ಗೊತ್ತಾದವರು ಮಾರನೆಯ ಬೆಳಿಗ್ಗೆ ತಮ್ಮ ಓಟಕ್ಕೂ ಅದರಿಂದ ಒಂದಿಷ್ಟು ತೆಗೆದುಕೊಂಡು ಹೋಗುತ್ತಾರೆ. ನಾನು ಓಡಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಹೀಗೆ ನೋಡಿಯೇ.

ಮೊದಲು ವೇಗದ ವಿಷಯ. ಟಿವಿ ಇದೊಂದನ್ನು ಮುಚ್ಚಿಡುತ್ತದೆ. ಕ್ಯಾಮೆರಾ ಮೋಟಾರ್ ಬೈಕಿನ ಮೇಲೆ ಓಟಗಾರರ ಜೊತೆಗೇ ಸಾಗುವುದರಿಂದ ಅವರು ಸುಮ್ಮನೆ ಜಾಗಿಂಗ್ ಹೊರಟವರಂತೆ ಕಾಣುತ್ತಾರೆ. ಕೆನ್ಯಾದ ಎಲಿಯುಡ್ ಕಿಪ್ಚೋಗೆ 2022ರ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡುಗಳಲ್ಲಿ ಮುಗಿಸಿದರು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡು, ನೂರು ಮೀಟರಿಗೆ 17 ಸೆಕೆಂಡಿಗಿಂತ ಒಂದು ಕೂದಲೆಳೆ ಹೆಚ್ಚು. ಹತ್ತಿರದ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಅಳೆದು, 17 ಸೆಕೆಂಡಿನಲ್ಲಿ ಓಡಿ ನೋಡಿ. ಆರೋಗ್ಯವಂತ ಹುಡುಗರಿಗೆ ಒಂದು ಸಲ ಸಾಧ್ಯ. ಅದನ್ನೇ ನಡುವೆ ಉಸಿರು ತೆಗೆದುಕೊಳ್ಳಲೂ ನಿಲ್ಲದೆ 422 ಸಲ ಮಾಡಿದರೆ ಅವರ ಓಟ. ಈ ನೂರು ಮೀಟರನ್ನು ಮೈಯಲ್ಲಿ ಒಮ್ಮೆ ಅನುಭವಿಸಿ ಬಂದು ಮತ್ತೆ ಪರದೆ ನೋಡಿ. ಅವರ ಮುಖದ ಶಾಂತಿಯ ಅರ್ಥವೇ ಬೇರೆಯಾಗುತ್ತದೆ.

ಇನ್ನು ಕಾಲು. ವಿಡಿಯೋ ನಿಧಾನಗೊಳಿಸಿ, ಪರದೆಯ ಮೇಲರ್ಧವನ್ನು ಒಂದು ಪುಸ್ತಕದಿಂದ ಮುಚ್ಚಿಬಿಡಿ. ತಮಾಷೆಗೆ ಹೇಳುತ್ತಿಲ್ಲ. ಮುಖ ಕಾಣುವವರೆಗೆ ನಮ್ಮ ಕಣ್ಣು ಮುಖದಿಂದ ಕೆಳಗಿಳಿಯುವುದಿಲ್ಲ. ಓಟಗಾರರು ಪಕ್ಕದಿಂದ ಕಾಣುವ ದೃಶ್ಯ ಬಂದಾಗ, ಪಾದ ನೆಲ ಮುಟ್ಟುವ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ. ಮೊಣಕಾಲು ಎಲ್ಲಿದೆ, ಪಾದ ಎಲ್ಲಿದೆ? ಒಳ್ಳೆಯ ಓಟಗಾರರಲ್ಲಿ ಮೊಣಕಾಲು ತುಸು ಮಡಿಸಿದ್ದು, ಪಾದ ಹೆಚ್ಚುಕಡಿಮೆ ಅದರ ನೇರ ಕೆಳಗೇ ಇಳಿಯುತ್ತದೆ. ಮೊಣಕಾಲ ಕೆಳಗಿನ ಭಾಗ ಕಂಬದಂತೆ ನೆಟ್ಟಗಿರುತ್ತದೆ. ನಮ್ಮಂಥವರು ಬೇಗ ಹೋಗಬೇಕೆಂಬ ಆಸೆಗೆ ಕಾಲನ್ನು ಮುಂದಕ್ಕೆ ಚಾಚುತ್ತೇವೆ. ಮೊಣಕಾಲು ನೆಟ್ಟಗಾಗಿ, ಪಾದ ಮೈಗಿಂತ ಬಹಳ ಮುಂದೆ ಹೋಗಿ ಬೀಳುತ್ತದೆ. ಹಾಗೆ ಬಿದ್ದ ಪ್ರತಿ ಹೆಜ್ಜೆಯೂ ಒಂದು ಬ್ರೇಕು. ಹಾಕಿದ ಬ್ರೇಕಿನ ಪೆಟ್ಟು ಮೊಣಕಾಲಿಗೆ, ಸೊಂಟಕ್ಕೆ. ಓಟದ ರೂಪದಲ್ಲಿ ಒಂದೇ ಒಂದು ಸಂಗತಿ ನೋಡಲು ಕಲಿಯಿರಿ ಎಂದರೆ ನಾನು ಹೇಳುವುದು ಇದನ್ನೇ.

ಇಲ್ಲಿ ಒಂದು ದೊಡ್ಡ ಗೊಂದಲ ಬಿಡಿಸಬೇಕು. ಹಿಮ್ಮಡಿ ಮೊದಲು ಊರಬೇಕೋ, ಅಂಗಾಲಿನ ಮುಂಭಾಗ ಮೊದಲು ಊರಬೇಕೋ? 2010ರ ಆಸುಪಾಸಿನಲ್ಲಿ ಬರಿಗಾಲ ಓಟದ ಗಾಳಿ ಜೋರಾಗಿ ಬೀಸಿತು. ಹಿಮ್ಮಡಿ ಊರುವುದೇ ಪಾಪ ಎಂಬಂತೆ ಜನ ಮಾತಾಡತೊಡಗಿದರು. ನಾನೂ ನಂಬಿದೆ. ತುದಿಗಾಲಲ್ಲೇ ಓಡುವ ಹಟ ಹಿಡಿದು ಮೂರು ವಾರವಾಗುವಷ್ಟರಲ್ಲಿ ಎಡಗಾಲಿನ ಮೀನಖಂಡ ಕಲ್ಲಾಯಿತು. ಬೆಳಿಗ್ಗೆ ಎದ್ದು ಬಚ್ಚಲಮನೆಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಓಟ ಆರು ವಾರ ನಿಂತಿತು. ಆ ಬಿಡುವಿನಲ್ಲೇ ನಾನು ಮೊದಲ ಸಲ ಸರಿಯಾಗಿ ನೋಡಲು ಕೂತದ್ದು. 2004ರಲ್ಲಿ ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು 283 ಓಟಗಾರರ ಪಾದ ಚಿತ್ರಿಸಿಕೊಂಡ ಸಂಶೋಧಕರಿಗೆ ಕಂಡದ್ದು ಇದು: ನಾಲ್ವರಲ್ಲಿ ಮೂವರು ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ಪಿನ ಮ್ಯಾರಥಾನಿನಲ್ಲೂ ಗಂಡಸರು, ಹೆಂಗಸರು ಇಬ್ಬರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಹಿಮ್ಮಡಿಯವರೇ. 2014ರಲ್ಲಿ ಬಾಸ್ಟನ್ ಗೆದ್ದ ಮೆಬ್ ಕೆಫ್ಲೆಜಿಘಿಯವರೂ ಹಾಗೇ ಓಡುವವರು. ಪಾದದ ಯಾವ ಭಾಗ ಮೊದಲು ತಾಕಿತು ಎಂಬುದಲ್ಲ, ಪಾದ ಎಲ್ಲಿ ಇಳಿಯಿತು ಎಂಬುದು ಮುಖ್ಯ. ಮೈಯ ಕೆಳಗೆ ಇಳಿದರೆ ಹಿಮ್ಮಡಿಯೂ ಮೆತ್ತಗೇ ಊರುತ್ತದೆ.

ಕಾಲು ಹಿಂದೆ ಹೋದಾಗ ಏನಾಗುತ್ತದೆ ಎಂಬುದನ್ನೂ ನೋಡಿ, ನೋಡಲು ಅದೇ ಅತ್ಯಂತ ಚೆಂದ. ತೊಡೆ ಮೈಯ ಹಿಂದಕ್ಕೆ ಪೂರ್ತಿ ಚಾಚುತ್ತದೆ, ನೆಲ ಬಿಟ್ಟ ಹಿಮ್ಮಡಿ ಮೇಲೆದ್ದು ಕುಂಡಿಯ ಹತ್ತಿರಕ್ಕೆ ಬಂದು ಮಡಿಸಿಕೊಳ್ಳುತ್ತದೆ. ಗಡಿಯಾರದ ಲೋಲಕ ಗಿಡ್ಡವಾದಷ್ಟೂ ಬೇಗ ತೂಗುವಂತೆ, ಮಡಿಸಿದ ಕಾಲು ಬೇಗ ಮುಂದೆ ಬರುತ್ತದೆ. ಆದರೆ ಇದನ್ನು ನಕಲು ಮಾಡಲು ಹೋಗಬೇಡಿ. ಅದು ವೇಗದಿಂದ ತಾನಾಗಿ ಬರುವ ಮಡಿಕೆ. ನಿಧಾನ ಓಡುವವರು ಹಿಮ್ಮಡಿಯನ್ನು ಬೇಕೆಂದೇ ಎತ್ತಿದರೆ ತೊಡೆಯ ಹಿಂಭಾಗಕ್ಕೆ ಸುಮ್ಮನೆ ದಣಿವು.

ಲಯಕ್ಕೆ ಬರೋಣ. ಜ್ಯಾಕ್ ಡೇನಿಯಲ್ಸ್ ಎಂಬ ಅಮೆರಿಕದ ತರಬೇತುದಾರರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕೂತು ಓಟಗಾರರ ಹೆಜ್ಜೆ ಎಣಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ಎಣಿಕೆ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು. ಆಮೇಲೆ ಈ 180 ಮಂತ್ರವಾಗಿಬಿಟ್ಟಿತು. ಅವರು ಎಣಿಸಿದ್ದು ಸ್ಪರ್ಧೆಯ ವೇಗದಲ್ಲಿ ಓಡುತ್ತಿದ್ದ ಒಲಿಂಪಿಕ್ ಓಟಗಾರರನ್ನು ಎಂಬುದು ಮರೆತುಹೋಯಿತು. ನೀವೂ ಎಣಿಸಿ: ಬಲಗಾಲು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತು ನೋಡಿ, ನಾಲ್ಕರಿಂದ ಗುಣಿಸಿ. ಮುಂಚೂಣಿಯ ಗುಂಪಿನಲ್ಲಿ ಐದಾರು ಮಂದಿಯನ್ನು ಎಣಿಸಿದರೆ ಒಬ್ಬೊಬ್ಬರದು ಒಂದೊಂದು ಎಂದು ಗೊತ್ತಾಗುತ್ತದೆ. ಎತ್ತರದವರದು ಕಡಿಮೆ, ಗಿಡ್ಡನೆಯವರದು ಹೆಚ್ಚು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಒಂದೇ ವೇಗದಲ್ಲಿರುತ್ತಾರೆ. ಬರ್ಲಿನ್ನಿನ ಆ ವೇಗದಲ್ಲಿ ನಿಮಿಷಕ್ಕೆ 185 ಹೆಜ್ಜೆ ಹಾಕುವವರ ಒಂದೊಂದು ಹೆಜ್ಜೆ 1.88 ಮೀಟರ್. ಆ ಹೆಜ್ಜೆ ನಮ್ಮದಲ್ಲ, ನಮ್ಮದಾಗಬೇಕಾಗಿಯೂ ಇಲ್ಲ. ನಾವು ತರಬೇಕಾದದ್ದು ಎಣಿಕೆಯ ಸಮತೆ. ಮೊದಲ ಕಿಲೋಮೀಟರಿನಲ್ಲಿ ಎಣಿಸಿದ್ದನ್ನು ನಲವತ್ತನೆಯದರಲ್ಲಿ ಮತ್ತೆ ಎಣಿಸಿ ನೋಡಿ. ಉತ್ತಮರ ತಾಳ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ನಿಮ್ಮ ಎಣಿಕೆ 160 ಇದ್ದರೆ, ವೇಗ ಹೆಚ್ಚಿಸದೆ 168ಕ್ಕೆ ತಂದು ನೋಡಿ. ಕಾಲು ಮುಂದಕ್ಕೆ ಚಾಚುವ ಚಟ ತಾನಾಗಿ ಕಮ್ಮಿಯಾಗುತ್ತದೆ.

ಈಗ ಪುಸ್ತಕ ಕೆಳಗಿಳಿಸಿ ಮೇಲರ್ಧ ನೋಡಿ. ಯಾವುದು ವಿದ್ಯೆ, ಯಾವುದು ಅವರವರ ಮೈಯ ಗುಣ ಎಂದು ಬೇರ್ಪಡಿಸುವ ವಿವೇಕ ಇಲ್ಲಿ ಬೇಕು. ಭೀಮಸೇನ ಜೋಶಿಯವರು ಹಾಡುವಾಗ ಕೈ, ಮುಖ, ಮೈಯೆಲ್ಲ ಹಾಡುತ್ತಿತ್ತು. ಆ ಕೈಯಾಟವನ್ನು ಕಲಿತರೆ ಅವರ ದಮ್ಮು ಬರುವುದಿಲ್ಲ. 1952ರ ಹೆಲ್ಸಿಂಕಿಯಲ್ಲಿ 5,000 ಮೀಟರ್, 10,000 ಮೀಟರ್ ಗೆದ್ದು, ತಮ್ಮ ಬಾಳಿನ ಮೊದಲ ಮ್ಯಾರಥಾನನ್ನೂ ಅಲ್ಲೇ ಓಡಿ ಗೆದ್ದ ಎಮಿಲ್ ಜಟೊಪೆಕ್ ಕತ್ತು ಹೊರಳಿಸುತ್ತ, ನೋವಿನಲ್ಲಿ ಮುಖ ಹಿಂಡುತ್ತ ಓಡುತ್ತಿದ್ದರು. 2003ರ ಲಂಡನ್ನಿನಲ್ಲಿ 2:15:25ರ ವಿಶ್ವದಾಖಲೆ ಮಾಡಿದ ಪಾಲಾ ರ‍್ಯಾಡ್‌ಕ್ಲಿಫ್ ಅವರ ತಲೆ ಹೆಜ್ಜೆಗೊಮ್ಮೆ ಕುಣಿಯುತ್ತಿತ್ತು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿಯವರ ಎಡಗೈ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಪುಸ್ತಕಗಳನ್ನು ಆ ಕಂಕುಳಲ್ಲಿ ಅವುಚಿಕೊಂಡು ಶಾಲೆಗೆ ಓಡುತ್ತಿದ್ದುದರ ಗುರುತು ಅದು. 2008ರಲ್ಲಿ ಬರ್ಲಿನ್ನಿನಲ್ಲಿ 2:03:59 ಓಡಿದಾಗಲೂ ಆ ಕೈ ಶಾಲೆಯ ಹಾದಿಯನ್ನು ಮರೆತಿರಲಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಗಂಟಲು ಕಟ್ಟುತ್ತದೆ. ತಿದ್ದಬೇಕಾದ ದೋಷ ಅದಾಗಿರಲಿಲ್ಲ. ಈ ಮೂವರನ್ನೂ ಸೊಂಟದಿಂದ ಕೆಳಗೆ ನೋಡಿ, ಅಲ್ಲಿ ಅಪಸ್ವರವಿಲ್ಲ.

ಮೇಲರ್ಧದಲ್ಲಿ ನಿಜವಾಗಿ ಕಲಿಯಬೇಕಾದದ್ದು ಬಿಗಿಯಿಲ್ಲದಿರುವುದು. ಇದಕ್ಕೆ ನಾನು ಹೊಸಬರಿಗೆ ತೋರಿಸುವುದು 2015ರ ಬರ್ಲಿನ್ ಓಟ. ಶುರುವಾದ ಸ್ವಲ್ಪ ಹೊತ್ತಿಗೇ ಕಿಪ್ಚೋಗೆಯವರ ಶೂಗಳ ಒಳಹಾಸು ಜಾರಿ ಹಿಮ್ಮಡಿಯ ಹಿಂದೆ ಹೊರಬಂತು. ಎರಡೂ ಕಾಲಿನದು. ಹೆಜ್ಜೆ ಎತ್ತಿದಾಗಲೆಲ್ಲ ಅವು ಬಾಳೆಲೆಯ ಹರಿದ ಅಂಚಿನಂತೆ ಪಟಪಟ ಬಡಿಯುತ್ತಿದ್ದವು. ನಿಂತು ಸರಿಮಾಡಿಕೊಳ್ಳಲಿಲ್ಲ. ಕೊನೆಯವರೆಗೂ ಹಾಗೇ ಓಡಿ 2:04:00ಕ್ಕೆ ಗೆದ್ದರು, ಪಾದವೆಲ್ಲ ಬೊಬ್ಬೆ. ಒಮ್ಮೆ ಆ ಬಡಿಯುವ ಒಳಹಾಸನ್ನು ನೋಡಿ, ತಕ್ಷಣ ಕಣ್ಣನ್ನು ಅಂಗೈಗೆ ತನ್ನಿ. ಹೆಬ್ಬೆರಳು ತೋರುಬೆರಳ ಮೇಲೆ ಹಗುರವಾಗಿ ಕೂತಿದೆ, ಮುಷ್ಟಿ ಬಿಗಿದಿಲ್ಲ. ಅಲ್ಲಿಂದ ಭುಜಕ್ಕೆ: ಕಿವಿಯ ಕಡೆಗೆ ಏರಿಲ್ಲ. ಅಲ್ಲಿಂದ ದವಡೆಗೆ: ಹಲ್ಲು ಕಚ್ಚಿಲ್ಲ. ಪಾದದಲ್ಲಿ ನಡೆಯುತ್ತಿರುವ ಅನಾಹುತದ ಸುದ್ದಿ ಭುಜಕ್ಕೆ ತಲುಪಿಯೇ ಇಲ್ಲ. ಅವರು ಓಟದ ಕಷ್ಟದ ಹೊತ್ತಿನಲ್ಲಿ ನಗುವುದೂ ಇದಕ್ಕಾಗಿಯೇ. ನಗು ಮುಖದ ಬಿಗಿ ಬಿಡಿಸುತ್ತದೆ, ಮುಖದಿಂದ ಕೊರಳಿಗೆ, ಕೊರಳಿಂದ ಭುಜಕ್ಕೆ ಅದು ಇಳಿಯುತ್ತದೆ.

ಶೂಗಳ ಮಾತನ್ನು ಬಿಡುವಂತಿಲ್ಲ. 2017ರಿಂದ ಈಚೆಗೆ ಕಾರ್ಬನ್ ಹಾಳೆ ಒಳಗಿಟ್ಟ ದಪ್ಪ ಅಟ್ಟೆಯ ಶೂಗಳು ಬಂದು ಕಾಲಮಾನಗಳನ್ನೇ ಬದಲಿಸಿದವು. 2020ರಲ್ಲಿ ಅಟ್ಟೆಯ ದಪ್ಪಕ್ಕೆ 40 ಮಿಲಿಮೀಟರಿನ ಮಿತಿ ಬಂತು. ಆದ್ದರಿಂದ ಹಳೆಯ ಓಟ, ಹೊಸ ಓಟಗಳನ್ನು ಸಮಯ ಹಿಡಿದು ತೂಗಬೇಡಿ, ಹೆಜ್ಜೆ ಹಿಡಿದು ತೂಗಿ. 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಲ್ಲಿ 2:15:16 ಓಡಿದ ಅಬೆಬೆ ಬಿಕಿಲಾ ಅವರ ಕಪ್ಪುಬಿಳುಪು ಚಿತ್ರಿಕೆಗಳನ್ನು ಕಿಪ್ಚೋಗೆಯವರ ಪಕ್ಕದಲ್ಲಿಟ್ಟು ನೋಡಿ. ನಡುವೆ ಅರವತ್ತು ವರ್ಷ. ಪಾದ ಇಳಿಯುವ ಜಾಗ ಒಂದೇ.

ಓಟದ ಸತ್ಯ ಹೊರಬೀಳುವುದು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ. ಅಲ್ಲಿಯವರೆಗೆ ಎಲ್ಲರೂ ಚೆನ್ನಾಗಿಯೇ ಓಡುತ್ತಾರೆ. ಪೂರ್ತಿ ನೋಡಲು ಬಿಡುವಿಲ್ಲದವರು ಕೊನೆಯ ಹನ್ನೆರಡು ಕಿಲೋಮೀಟರನ್ನಾದರೂ ಬಿಡಬೇಡಿ. ಸೊಂಟ ತುಸು ಕೂರುತ್ತದೆ, ಕುರ್ಚಿ ಹುಡುಕುತ್ತಿರುವವರಂತೆ. ಕೈ ಎದೆಯ ಮೇಲಕ್ಕೆ ಏರುತ್ತದೆ. ಗಲ್ಲ ಮೇಲೇಳುತ್ತದೆ. ಹೆಜ್ಜೆಯ ಸಂಖ್ಯೆ ಅಷ್ಟೇ ಇದ್ದರೂ ಉದ್ದ ಕುಗ್ಗುತ್ತದೆ. ಇವನ್ನು ಮೊದಲು ಗುರುತಿಸಲು ಕಲಿತವರು, ಯಾರು ಹಿಂದೆ ಬೀಳುತ್ತಾರೆ ಎಂಬುದನ್ನು ವೀಕ್ಷಕ ವಿವರಣೆಯವರಿಗಿಂತ ಮುಂಚೆ ಹೇಳಬಲ್ಲರು. 2022ರ ಬರ್ಲಿನ್ನಿನಲ್ಲಿ ಕಿಪ್ಚೋಗೆಯವರ ಮೊದಲರ್ಧ 59:51, ಎರಡನೆಯರ್ಧ 61:18. ಮರುವರ್ಷ ಷಿಕಾಗೋದಲ್ಲಿ ಅವರ ದಾಖಲೆ ಮುರಿದು 2:00:35 ಓಡಿದ ಕೆಲ್ವಿನ್ ಕಿಪ್ಟಮ್ ಅವರದು ತಿರುವುಮುರುವು: ಮೊದಲರ್ಧ 60:48, ಎರಡನೆಯರ್ಧ 59:47. ದಣಿಯಬೇಕಾದ ಹೊತ್ತಿನಲ್ಲಿ ಆ ಹುಡುಗನ ಸೊಂಟ ಕೂರಲೇ ಇಲ್ಲ. ನಾಲ್ಕು ತಿಂಗಳಲ್ಲಿ, 2024ರ ಫೆಬ್ರವರಿಯಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ ಕಾರು ಅಪಘಾತದಲ್ಲಿ ತೀರಿಹೋದರು. ಮೂರೇ ಮ್ಯಾರಥಾನ್ ಓಡಿದ್ದರು. ಮೂರನ್ನೂ ಗೆದ್ದಿದ್ದರು. ಅವರ ಷಿಕಾಗೋ ಓಟದ ಕೊನೆಯ ಅರ್ಧ ಗಂಟೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಹೆಂಗಸರ ಓಟ ನೋಡದೆ ಕಣ್ಣು ಪಳಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಆ ಹಾದಿಯಲ್ಲಿ ಕಡಿದಾದ ಏರುಗಳಿದ್ದವು. ಏರಿನಲ್ಲಿ ಹೆಜ್ಜೆ ಗಿಡ್ಡವಾಗಿ, ಕೈ ಕೆಲಸ ಹೆಚ್ಚುವುದು ಸ್ಪಷ್ಟವಾಗಿ ಕಾಣುತ್ತದೆ. 5,000 ಮತ್ತು 10,000 ಮೀಟರುಗಳಲ್ಲಿ ಆಗಲೇ ಕಂಚು ಗೆದ್ದು ಬಂದಿದ್ದ ಸಿಫಾನ್ ಹಸನ್ ಓಟದ ಬಹುಪಾಲು ಮುಂದಿನವರ ಬೆನ್ನ ಹಿಂದೆಯೇ ಉಳಿದರು. ಕೊನೆಯ ತಿರುವಿನ ಹೊತ್ತಿಗೆ ಟಿಗಿಸ್ಟ್ ಅಸೆಫಾ ಅವರ ಮೈಗೆ ಮೈ ತಾಗಿಸಿ ನುಗ್ಗಿ ಮೂರು ಸೆಕೆಂಡಿನಿಂದ ಚಿನ್ನ ಗೆದ್ದರು. ಆ ಕ್ಷಣ ನಿಲ್ಲಿಸಿ ನೋಡಿ: ನಲವತ್ತೆರಡು ಕಿಲೋಮೀಟರ್ ಆದ ಮೇಲೂ ಅವರ ಹಿಮ್ಮಡಿ ಮೇಲೆ ಮಡಿಚುತ್ತಿದೆ.

ಹೀಗೆ ಕಂಡದ್ದನ್ನು ನಿಮ್ಮ ಓಟಕ್ಕೆ ತರುವಾಗ ಒಂದೊಂದಾಗಿ ತನ್ನಿ. ನಾನು ಒಂದು ಇಡೀ ಮಳೆಗಾಲ ಭುಜದ ಮೇಲಷ್ಟೇ ಗಮನ ಇಟ್ಟೆ. ಕೆರೆಯ ಏರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕೈ ಜೋತುಬಿಟ್ಟು ಕೊಡವಿ, ಉಸಿರು ಬಿಟ್ಟು, ಮತ್ತೆ ಎತ್ತುವುದು. ಬೆರಳುಗಳ ನಡುವೆ ಹಪ್ಪಳ ಹಿಡಿದಿದ್ದೇನೆ, ಮುರಿಯಬಾರದು ಎಂದುಕೊಳ್ಳುವುದು. ದೀಪಾವಳಿಯ ಹೊತ್ತಿಗೆ ಏದುಸಿರು ಕಡಿಮೆಯಾಗಿತ್ತು, ಅದೇ ದೂರಕ್ಕೆ ಅದೇ ಹೊತ್ತಿನಲ್ಲಿ.

ಮತ್ತೆ, ಪರದೆಯನ್ನೇ ನಂಬಿ ಕೂರಬೇಡಿ. ಬೆಂಗಳೂರಿನಲ್ಲಿ 2008ರಿಂದ ವಿಶ್ವ ಹತ್ತು ಕಿಲೋಮೀಟರ್ ಓಟ ನಡೆಯುತ್ತಿದೆ. 2023ರಲ್ಲಿ ಅದನ್ನು ಗೆದ್ದ ಸಬಾಸ್ಟಿಯನ್ ಸಾವೆ 2025ರಲ್ಲಿ ಲಂಡನ್, ಬರ್ಲಿನ್ ಮ್ಯಾರಥಾನುಗಳೆರಡನ್ನೂ ಗೆದ್ದರು. ಅಂಥವರು ನಮ್ಮ ಬೀದಿಯಲ್ಲಿ, ಕೈಚಾಚಿದರೆ ತಾಗುವಷ್ಟು ಹತ್ತಿರ ಹಾದುಹೋಗುತ್ತಾರೆ. ಗೆಲುವಿನ ಗೆರೆಯ ಬಳಿ ನಿಲ್ಲಬೇಡಿ, ಅಲ್ಲಿ ಧ್ವನಿವರ್ಧಕದ ಗದ್ದಲ. ಹಾದಿಯ ನಡುವೆ ಮರದ ನೆರಳಿರುವ, ಜನ ಕಮ್ಮಿಯಿರುವ ಒಂದು ತಿರುವು ಹುಡುಕಿಕೊಳ್ಳಿ. ಅದೇ ದಿನ ಸಾವಿರಾರು ಮಂದಿ ಸಾಮಾನ್ಯರೂ ಓಡುತ್ತಾರಲ್ಲ, ಮೊದಲು ಅವರ ಹೆಜ್ಜೆಯ ಸದ್ದು ಕೇಳಿಸಿಕೊಳ್ಳಿ: ದಪ್, ದಪ್, ಅಟ್ಟೆ ಉಜ್ಜುವ ಸರಸರ. ಮುಂಚೂಣಿಯವರು ಬರುವಾಗ ಕಣ್ಣು ಮುಚ್ಚಿ. ಒಣ ಎಲೆಯ ಮೇಲೆ ಮೊದಲ ಮಳೆಹನಿಗಳು ಬಿದ್ದಂತೆ ಟಪಟಪಟಪ ಎಂದು ಒಂದು ಸದ್ದು ಹತ್ತಿರವಾಗುತ್ತದೆ. ಕಣ್ಣು ತೆರೆಯುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿರುತ್ತದೆ.